ಕಷಾಯದಣ್ಣನ ಹನ್ನೆರಡು ಮಡಿ

ಮುತ್ತಾತ ಬಂಡೆ ಒಡೆದು ಆ ಜಾಗವನ್ನು ಮಟ್ಟ ಮಾಡಿದವನು. ತಾತ ಕೆರೆಯ ಗೋಡುಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ತಂದು ಕಲ್ಲಿನ ಮೇಲೆ ಮೊಳದಷ್ಟು ಮಣ್ಣು ಕೂಡಿಸಿದವನು. ಬುಟ್ಟಿ ಕೂತು ಕೂತು ಅವನ ನಡುನೆತ್ತಿ ಬೋಳಾಗಿತ್ತು. ಅಪ್ಪ ಕಳೆ ಕೀಳುವುದರಲ್ಲಿ ಎತ್ತಿದ ಕೈ. ಜೇಕಿನ ಗಡ್ಡೆ ನೆಲದೊಳಗೆ ಎಲ್ಲಿ ಅಡಗಿದೆಯೆಂದು ಬೆರಳಲ್ಲೇ ಪತ್ತೆ ಹಚ್ಚುತ್ತಿದ್ದ. ಮೂವರದ್ದೂ ಒಂದೇ ಕಟ್ಟಳೆ: ಮನೆಯಿಂದ ಏನೂ ಆಚೆ ಹೋಗಕೂಡದು. ಒಲೆಯ ಬೂದಿ, ತರಕಾರಿ ಸಿಪ್ಪೆ, ಕತ್ತರಿಸಿದ ಕೂದಲು ಕೂಡ ಸಸಿ ಬೆಳೆಸುವ ಮಡಿಗೇ ಸೇರಬೇಕು.

ನಾಲ್ಕನೆಯವನು ಕಷಾಯದಣ್ಣ. ಪೇಟೆಯ ಹಿಂಬೀದಿಯ ಆ ಹನ್ನೆರಡು ಮಡಿಗಳಲ್ಲಿ ಬದನೆ, ಟೊಮೆಟೊ, ಎಲೆಕೋಸಿನ ಸಸಿ ಬೆಳೆಸಿ ಮಾರುವುದು ಅವನ ಕಸುಬು. ಕುಕ್ಕರುಗಾಲಲ್ಲಿ ಕೂತು ಕಳೆ ಕಿತ್ತೂ ಕಿತ್ತೂ ಹೆಂಡತಿಯ ಮಂಡಿ ಕೈಕೊಟ್ಟ ವರ್ಷ ಅವನಿಗೆ ಆ ಹೆಸರು ಬಂತು. ಅಂಗಡಿಯ ಕಳೆನಾಶಕವನ್ನು ತಾತನ ಮಣ್ಣಿಗೆ ಸುರಿಯಲು ಅವನಿಗೆ ಮನಸ್ಸಾಗಲಿಲ್ಲ. ನೀಲಗಿರಿ ಮರದ ಬುಡದಲ್ಲಿ ಹುಲ್ಲು ಹುಟ್ಟದಿರುವುದನ್ನು ನೋಡಿದ್ದ. ಆ ಸೊಪ್ಪನ್ನೇ ಹಂಡೆಯಲ್ಲಿ ಕುದಿಸಿ, ಸೋಸಿ, ಬಿತ್ತನೆಗೆ ತಿಂಗಳ ಮುಂಚೆ ಮಡಿಗೆ ಚಿಮುಕಿಸಿದ. ಮೊಳೆಯುತ್ತಿದ್ದ ಕಳೆ ಸುಟ್ಟು ಮಲಗಿತು. ಆಮೇಲೆ ಬಿತ್ತಿದ ಬೀಜ ಮಾತ್ರ ನಗುನಗುತ್ತಾ ಎದ್ದಿತು.

"ಕಷಾಯದಣ್ಣ, ಕೆಮ್ಮು ಜಾಸ್ತಿಯಾಗಿದೆ, ನಂಗೂ ಒಂದು ಲೋಟ ಕೊಡು" ಎಂದು ಎದುರುಮನೆಯ ದರ್ಜಿ ಛೇಡಿಸುತ್ತಿದ್ದ.

"ಕುಡಿ ಮಾರಾಯ, ಗಡ್ಡ ಮೀಸೆ ಹುಟ್ಟೋದೂ ನಿಂತುಹೋಗುತ್ತೆ. ಕ್ಷೌರದ ಖರ್ಚು ಉಳೀತು!"

ಆರು ವರ್ಷ ಹೆಂಡತಿ ಕಳೆ ಕೀಳಲು ಮಂಡಿ ಮಡಿಸಲಿಲ್ಲ. ಹಂಡೆಯ ತಳದಲ್ಲಿ ಉಳಿದ ಸೊಪ್ಪಿನ ಚರಟವನ್ನು ಅವನು ಕಟ್ಟಳೆಯಂತೆ, ಪ್ರತಿಸಲವೂ ಬುಟ್ಟಿಗಟ್ಟಲೆ ಮಡಿಯಲ್ಲೇ ಅಗೆದು ಹೂಳಿದ.

ಏಳನೆಯ ವರ್ಷ ಕಳೆ ಹುಟ್ಟಲಿಲ್ಲ. ಕೋಸೂ ಹುಟ್ಟಲಿಲ್ಲ.

"ಬೀಜ ಹಳೇದಿರ್ಬೇಕು ಬಿಡ್ರೀ" ಎಂದಳು ಹೆಂಡತಿ. ಹೊಸ ಬೀಜವೂ ಬಾಯಿ ಬಿಡಲಿಲ್ಲ. ಆಗ ಅವಳೇ ಒಂದು ತಟ್ಟೆಗೆ ಮಡಿಯ ಮಣ್ಣು, ಇನ್ನೊಂದಕ್ಕೆ ಬೀದಿ ಮೋರಿಯ ಪಕ್ಕದ ಮಣ್ಣು ಹಾಕಿ ಕಿಟಕಿಯಲ್ಲಿಟ್ಟು ಬೀಜ ಉದುರಿಸಿದಳು. ಐದನೆಯ ದಿನ ಬೆಳಿಗ್ಗೆ ಎರಡನ್ನೂ ಅವನ ಮುಂದೆ ತಂದಿಟ್ಟಳು.

"ಮೋರಿ ಮಣ್ಣಲ್ಲಿ ಬಂದಿದೆ ಕಣ್ರೀ."

ಅವನು ಗುದ್ದಲಿ ಹಿಡಿದು ಹೋಗಿ ಮಡಿಯನ್ನು ಅಗೆದ. ಗೇಣು ಆಳದಲ್ಲಿ, ಆರು ವರ್ಷ ಹೂಳಿದ ಚರಟದ ಕಪ್ಪು ಪದರ. ಮೂಗು ಕಟ್ಟಿದಾಗ ಎದೆಗೆ ಹಚ್ಚುವ ಮುಲಾಮಿನ ವಾಸನೆ ಗಪ್ಪೆಂದು ಮುಖಕ್ಕೆ ಹೊಡೆಯಿತು. ಹನ್ನೆರಡು ಮಡಿಯಲ್ಲೂ ಅದೇ.

ಎರಡು ತಿಂಗಳು ನೀರು ಕಟ್ಟಿ ತೊಳೆಯಲು ನೋಡಿದ. ವಾರಕ್ಕೊಮ್ಮೆ ತಟ್ಟೆ ಇಟ್ಟು ನೋಡಿದ. ಒಂದು ಮೊಳಕೆಯೂ ಏಳಲಿಲ್ಲ. ಗಿರಾಕಿಗಳು ಬೇರೆ ದಾರಿ ಹಿಡಿದರು. ದರ್ಜಿ ಕೂಡ ತಮಾಷೆ ಬಿಟ್ಟ. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಒಂದು ಸಂಜೆ ಹೆಂಡತಿ ಮಂಡಿಗೆ ಬಟ್ಟೆ ಸುತ್ತಿಕೊಳ್ಳುತ್ತಾ, "ಮೇಲಿನ ಬೀದಿ ನರ್ಸರಿಗೆ ನಾಳೆಯಿಂದ ಬರ್ತೀನಿ ಅಂದಿದೀನಿ" ಎಂದಳು.

"ಏನು ಕೆಲಸ?"

"ಇನ್ನೇನು ಬರುತ್ತೆ ನಂಗೆ? ಕಳೆ ಕೀಳೋದು."



ಮರುದಿನ ಹೆಂಡತಿ ಕೆಲಸಕ್ಕೆ ಹೊರಡುವ ಮುಂಚೆಯೇ, ಸುದ್ದಿ ತಿಳಿದ ಅವನ ಅಕ್ಕ ಬಂದಳು, ತನ್ನ ಹೊಲದ ಕೆಂಪು ಮಣ್ಣು ತುಂಬಿದ ಟ್ರ್ಯಾಕ್ಟರಿನ ಜೊತೆ. ಡ್ರೈವರ್ ಪಕ್ಕದಿಂದ ಇಳಿದವಳೇ ಸೆರಗು ಸಿಕ್ಕಿಸಿದಳು.

"ಗೇಟು ತೆಗಿಯೋ. ಇನ್ನೂ ಹತ್ತು ಲೋಡು ಬರುತ್ತೆ."

"ಮೇಲೆ ಸುರಿದರೆ ಆಗಲ್ಲ ಅಕ್ಕ. ಬೇರು ಕೆಳಗಿಳಿದ ದಿನ ನಿನ್ನ ಮಣ್ಣೂ ದಂಡ."

"ಅಷ್ಟು ಗೊತ್ತಾಗಲ್ವೇನೋ ನಂಗೆ? ಇದನ್ನ ಪೂರ್ತಿ ತೋಡ್ಸಿ ಊರಾಚೆ ಹಾಕ್ಸೋದು, ನನ್ನ ಮಣ್ಣು ತುಂಬೋದು. ಅವಳ ಮಂಡಿ ನೋಡಿದೀಯಾ? ನಿನ್ನ ಕಟ್ಟಳೆ ಸುಡ್ಲಿ!"

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಅವನ ಬಾಯನ್ನೇ ನೋಡುತ್ತಿದ್ದಳು. ಅವನಿಗೆ ಅದು ಗೊತ್ತಿತ್ತು, ಆದರೂ ಆ ಕಡೆ ತಿರುಗಲಿಲ್ಲ. ಬಗ್ಗಿ ಒಂದು ಹಿಡಿ ಕಪ್ಪು ಮಣ್ಣು ಎತ್ತಿ, ಮೂಸಿ, ಅಲ್ಲೇ ಬಿಟ್ಟ.

"ತಾತ ತಲೆ ಮೇಲೆ ಹೊತ್ತು ತಂದಿದ್ದನ್ನ ನಾನು ಟ್ರ್ಯಾಕ್ಟರಲ್ಲಿ ಆಚೆ ಕಳ್ಸಲ್ಲ ಅಕ್ಕ. ಕೆಟ್ಟಿದ್ದೂ ಇಲ್ಲೇ ಬಿದ್ದಿರ್ಲಿ, ಕೆಡಿಸ್ದೋನೂ ಇಲ್ಲೇ ಬಿದ್ದಿರ್ತೀನಿ. ನಿನ್ನ ಮಣ್ಣು ನಿನ್ನ ಹೊಲಕ್ಕೇ ತಗೊಂಡುಹೋಗು."