ಶೆಡ್ಡಿಗೆ ಬಂದ ಸಿಹಿ ವಾಸನೆ

ಇಂಥ ಸಂಗತಿ ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವನು ನಾನೇ. ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕಿದ್ದು ಬಿಟ್ಟು ಬೇರೇನನ್ನೂ ನಂಬಿದವನಲ್ಲ. ಓದಿದ್ದು ನಾಲ್ಕನೇ ಕ್ಲಾಸು. ಆದರೆ ನಾನು ಪಾಲಿಶ್ ಹಾಕಿದ ಬೀರುವಿನಲ್ಲಿ ಮುಖ ನೋಡಿಕೊಂಡು ಕ್ರಾಪು ಬಾಚಿಕೊಳ್ಳಬಹುದಿತ್ತು.

ಐವತ್ತರ ದಶಕದ ಮಾತು. ರಾಜಾಜಿನಗರದಲ್ಲಿ ಆಗಿನ್ನೂ ಅಲ್ಲೊಂದು ಇಲ್ಲೊಂದು ಮನೆ ಏಳುತ್ತಿತ್ತು. ಅಲ್ಲಿನ ಮರಗೆಲಸದ ಶೆಡ್ಡಿನಲ್ಲಿ ನಾನು ಪಾಲಿಶ್‌ನವನು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆ ಅದ್ದಿ ಮರಕ್ಕೆ ತಿಕ್ಕಬೇಕು. ಹತ್ತು ವರ್ಷ ಅದೇ ಗಾಳಿ ಕುಡಿದು ನನ್ನ ಮೂಗು ಸತ್ತೇಹೋಗಿತ್ತು. ಮಲ್ಲಿಗೆಯೂ ಒಂದೇ, ಸೀಮೆಎಣ್ಣೆಯೂ ಒಂದೇ.

ಆ ವರ್ಷ ನನ್ನ ಹೆಂಡತಿಗೆ ಅಪೆಂಡಿಕ್ಸ್ ಆಪರೇಷನ್ ಆಗಬೇಕಾಯಿತು. ಪ್ರಜ್ಞೆ ತಪ್ಪಿಸಿ ಹೊಟ್ಟೆ ಕೊಯ್ಯುತ್ತಾರಂತೆ. ಆಮೇಲೆ ಎಚ್ಚರವೇ ಆಗದಿದ್ದರೆ? ನನಗೆ ಅದೊಂದೇ ಭಯ. ಬೆಳಗ್ಗೆ ಆಸ್ಪತ್ರೆಯ ಜಗಲಿಯಲ್ಲಿ ನರ್ಸು ಅವಳ ತೋಳಿಗೆ ಸ್ಪಿರಿಟ್ ಒರೆಸಿ ಸೂಜಿ ಚುಚ್ಚಿದರು. "ನಮ್ಮ ಶೆಡ್ಡಿನ ಮಾಲೇ ಕಣೇ" ಅಂದೆ. ಅವಳು ನಗಲಿಲ್ಲ. ಅವಳನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿದರು. ಕೈ ಕಟ್ಟಿ ಕೂರುವುದು ನನ್ನಿಂದಾಗದು, ಶೆಡ್ಡಿಗೆ ಹೋಗಲು ಸೈಕಲ್ ತೆಗೆದೆ.

"ನನ್ನ ಮಗಳ ಹೊಟ್ಟೆ ಕೊಯ್ಯೋ ಹೊತ್ತಲ್ಲಿ ಅಳಿಯಂದಿರಿಗೆ ಬೀರು ಹೆಚ್ಚಾಯ್ತು" ಅಂದರು ಅತ್ತೆ.

"ಇಲ್ಲೇ ಕೂತ್ರೆ ನಿಮ್ಮ ಜೊತೆ ನಾನೂ ಅಳ್ತೀನಿ, ಅಷ್ಟೆ" ಅಂದೆ.

ಹತ್ತು ಗಂಟೆಗೆ ಟೀ ಬಿಡುವು. ಬೀಡಿ ಬಾಯಿಗಿಟ್ಟು ಕಡ್ಡಿಪೆಟ್ಟಿಗೆ ತೆಗೆದೆ. ಆಗ ಗಪ್ಪನೆ ಒಂದು ವಾಸನೆ ಬಡಿಯಿತು. ಸಿಹಿ, ಆದರೆ ಗಂಟಲಿಗೆ ಚುಚ್ಚುವಂಥದ್ದು. ಹುಟ್ಟಿದಾಗಿಂದ ನಾನು ಮೂಸಿರದಂಥದ್ದು. ತಲೆ ಸುತ್ತಿತು. ಕಡ್ಡಿ ಗೀರದೆ ಹೊರಗೆ ಓಡಿ ಗೋಡೆ ಹಿಡಿದು ನಿಂತೆ. ಸುಧಾರಿಸಿಕೊಂಡು ಬಂದು ನೋಡಿದರೆ, ನಾನು ಕೂತಿದ್ದ ಜಾಗದ ಪಕ್ಕದಲ್ಲೇ ಸ್ಪಿರಿಟ್ ಡಬ್ಬ ಉರುಳಿ, ಮರದ ಹೊಟ್ಟು ಪೂರ್ತಿ ತೊಯ್ದಿತ್ತು. ಅದರ ಸುಳಿವೇ ನನ್ನ ಮೂಗಿಗೆ ಸಿಕ್ಕಿರಲಿಲ್ಲ! ಕಡ್ಡಿ ಗೀರಿದ್ದರೆ ಅಲ್ಲೇ ಸುಟ್ಟುಹೋಗುತ್ತಿದ್ದೆ.

ಜೊತೆಯ ಬಡಗಿಯನ್ನು "ಸಿಹಿ ವಾಸನೆ ಬಂತೇನೋ?" ಅಂತ ಕೇಳಿದೆ.

"ಸ್ಪಿರಿಟ್ಟು ತಲೆಗೇರಿದೆ ಕಣೋ ನಿಂಗೆ" ಅಂದ.

ಮಧ್ಯಾಹ್ನ ಆಸ್ಪತ್ರೆಗೆ ಹೋದಾಗ ಅವಳು ಕಣ್ಣು ಮುಚ್ಚಿ ಮಲಗಿದ್ದಳು. ಉಸಿರಿದೆಯೋ ಇಲ್ಲವೋ ಅಂತ ಮುಖದ ಹತ್ತಿರ ಬಗ್ಗಿದೆ. ಉಸಿರಿತ್ತು. ಆ ಉಸಿರಿನಲ್ಲಿ ಅದೇ ವಾಸನೆ.

"ಇದೇನು ಸಿಸ್ಟರ್?"

"ಈಥರ್. ಪ್ರಜ್ಞೆ ತಪ್ಪಿಸೋಕೆ ಮೂಗಿಗೆ ಹಿಡೀತಾರೆ. ನಾಳೆವರೆಗೂ ಉಸಿರಲ್ಲಿರುತ್ತೆ, ಹೆದರಬೇಡಿ."

"ಎಷ್ಟು ಹೊತ್ತಿಗೆ ಹಿಡಿದ್ರಿ?"

"ಹತ್ತಕ್ಕೆ."

ಡಾಕ್ಟರಿಗೆ ಹೇಳಿದೆ. ಬೆಳಗ್ಗೆ ನಿಮ್ಮ ಬಟ್ಟೆಗೆ ಅಂಟಿರಬೇಕು ಅಂದರು. ನಾನು ಜಗಲಿ ದಾಟಿಯೇ ಇರಲಿಲ್ಲ. ಅಂಟಿತ್ತು ಅಂತಲೇ ಇಟ್ಟುಕೊಳ್ಳಿ, ಸತ್ತ ಮೂಗಿಗೆ ಅದೊಂದೇ ಹೇಗೆ ಹತ್ತಿತು? ಹೆಂಡತಿಯನ್ನು ಕೇಳಿದರೆ, ಈಥರ್ ಹಿಡಿದಾಗ ಅವರು ಎಣಿಸು ಅಂದದ್ದಕ್ಕೆ ಒಂದರಿಂದ ಏಳರವರೆಗೆ ಎಣಿಸಿದ್ದಷ್ಟೇ ಅವಳಿಗೆ ನೆನಪು. ಓದಿದವರು ಏನಾದರೂ ಹೇಳಬಹುದು; ಇಷ್ಟು ವರ್ಷ ಯೋಚಿಸಿಯೂ ನನಗೆ ತಿಳಿದಿಲ್ಲ.

ಮಾರನೆಯ ಬೆಳಗ್ಗೆ ಅವಳು ಒಂದು ಲೋಟ ಗಂಜಿ ಕುಡಿದಳು. ಆ ಲೋಟ ಹಿಡಿದುಕೊಳ್ಳಲು ನಾನೂ ಉಳಿದಿದ್ದೆ.