ಕರಪತ್ರಕ್ಕೆ ಒಂದೇ ತಲೆಬರಹ

ಕಾಗವಾಡದ ಬಸ್‌ಸ್ಟ್ಯಾಂಡ್ ಎದುರು ಡಿಟಿಪಿ ಅಂಗಡಿ ಇಟ್ಟಿರುವ ಸಾರಿಕಾ, ಸಿಟ್ಟು ಬಂದರೆ ಬಾಯಿ ಮುಚ್ಚಿ ಕೀಬೋರ್ಡ್ ಕುಟ್ಟುವ ಹೆಂಗಸು. ಹೋದ ಮಳೆಗಾಲದಿಂದ ಆಕೆ ಕುಟ್ಟಿದ್ದೆಲ್ಲ ಅತ್ತೆಯ ಹೆಣದ ಸಲುವಾಗಿ.

ಆಕೆಯ ಗಂಡನ ಊರು ಜುಗೂಳದಲ್ಲಿ ಅವರ ಕೇರಿಯ ಸ್ಮಶಾನದ ದಾರಿಯನ್ನು ಅಕ್ಕಪಕ್ಕದ ಹೊಲದವರು ವರ್ಷಕ್ಕಿಷ್ಟು ಉತ್ತು ನುಂಗಿಬಿಟ್ಟಿದ್ದರು. ಅತ್ತೆ ಶೇವಂತಾ ಸತ್ತ ದಿನ ಕಬ್ಬಿನ ನಡುವೆ, ಮೊಣಕಾಲುದ್ದ ರಾಡಿಯಲ್ಲಿ ಚಟ್ಟ ಜಾರಿ ಮುದುಕಿಯ ಮುಖ ಕೆಸರಿಗೆ ಬಿತ್ತು. ಸಾರಿಕಾ ಸೆರಗಿನಿಂದ ಒರೆಸಿದಳು. ದಾರಿ ಬಿಡಿಸಿಕೊಳ್ಳದಿದ್ದರೆ ಮುಂದಿನ ಹೆಣಕ್ಕೂ ಅದೇ ಗತಿ.

ಕೇರಿಯವರು ಹೋರಾಟ ಸಮಿತಿ ಕಟ್ಟಿದರು. ಅಧ್ಯಕ್ಷ ರಾಜಾರಾಮ, ಎಲ್ಲರ ಬಾಯಲ್ಲಿ ದಾದಾ. ಕರಪತ್ರದಲ್ಲಿ ಅಚ್ಚಾಗಬೇಕಾದ ಮಜಕೂರು ವಾಟ್ಸಾಪ್‌ನಲ್ಲಿ ಬರುತ್ತಿತ್ತು, ಗಳಿಗೆಗೊಮ್ಮೆ ಬದಲಾಗುತ್ತಿತ್ತು. ಪ್ರತಿ ಸಲ ಹೊಸದಾಗಿ ಜೋಡಿಸಿ ಬೇಸತ್ತ ಸಾರಿಕಾ, ಚಿಕ್ಕೋಡಿ ಕಾಲೇಜಿನಲ್ಲಿ ಅರ್ಧಂಬರ್ಧ ಕಲಿತಿದ್ದ ಪೈಥಾನ್‌ನಲ್ಲಿ ಪುಟ್ಟ ಪ್ರೋಗ್ರಾಂ ಬರೆದಳು. ಅದು ಮಜಕೂರನ್ನು ಸಾಲು ಸಾಲಾಗಿ ಓದುತ್ತದೆ. ಸಾಲಿನ ಮುಂದೆ ಹ್ಯಾಶ್ ಗುರುತಿದ್ದರೆ ತಲೆಬರಹ, ಪದದ ಎರಡೂ ಕಡೆ ನಕ್ಷತ್ರವಿದ್ದರೆ ದಪ್ಪಕ್ಷರ, ಅಡ್ಡಗೆರೆಯಿದ್ದರೆ ಬೇಡಿಕೆಯ ಪಟ್ಟಿ. ಗುರುತುಗಳು ಮಾಯವಾಗಿ, ಅಚ್ಚಿಗೆ ತಯಾರಾದ ಪುಟ ಹೊರಬೀಳುತ್ತದೆ. ಈ ನಿಯಮಗಳನ್ನು ಸಮಿತಿಯ ಗ್ರೂಪಿಗೂ ಹಾಕಿದಳು. ಕೆಟ್ಟದ್ದು ಅಲ್ಲೇ.

ಸಮಿತಿಯ ಗಂಡಸರಿಗೆ ಬೇಡಿಕೆ ಬರೆಯಲು ಬರಲಿಲ್ಲ, ಹ್ಯಾಶ್ ಹಾಕಲು ಮಾತ್ರ ಕೂಡಲೇ ಬಂತು. ದಾದಾ ತನ್ನ ಹೆಸರಿನ ಮುಂದೆ ಒಂದು ಇಟ್ಟ. ಉಪಾಧ್ಯಕ್ಷ ಬಿಟ್ಟಾನೆಯೇ? ಆಮೇಲೆ ಖಜಾಂಚಿ, ಸಂಚಾಲಕ, ಸಂಚಾಲಕನ ಭಾವಮೈದುನ. ಪುಟದ ತುಂಬ ತಲೆಬರಹ, ಎಲ್ಲವೂ ಹೆಸರೇ. ಸ್ಮಶಾನದ ದಾರಿಯ ಬೇಡಿಕೆ ತಳಕ್ಕೆ ಹೋಗಿ ಇರುವೆಯಷ್ಟಾಯಿತು. ಬೇಡವೆಂದ ಸಾರಿಕಾಳಿಗೆ ದಾದಾ, "ಹಂಗ ಹೊಡಿಯವ್ವಾ, ನಾಕ್ ಮಂದಿಗೆ ನಾವ್ಯಾರಂತ ಗೊತ್ತಾಗ್ಲಿ" ಎಂದ.

ಸಮಿತಿಯವರೂ ಸಾರಿಕಾಳೂ ಕಚೇರಿಗೆ ಹೋದಾಗ ತಹಸೀಲ್ದಾರರು ಅದನ್ನು ಕೈಗೆ ತೆಗೆದುಕೊಂಡು ಕೇಳಿದರು: "ಯಾರ ಬರ್ತ್‌ಡೇ ಐತ್ರಿ?"

ಕಚೇರಿಯೆಲ್ಲ ನಕ್ಕಿತು. ನಾಚಿಕೆಗೆಟ್ಟ ದಾದಾನೂ ನಕ್ಕ. ಸಾರಿಕಾಳ ಕಣ್ಣ ಮುಂದೆ ಕೆಸರು ಮೆತ್ತಿದ ಮುಖವೊಂದೇ.

ಅಂಗಡಿಗೆ ಬಂದವಳೇ ಪ್ರೋಗ್ರಾಂ ತೆರೆದಳು. ಇನ್ನು ಮೇಲೆ ಸಮಿತಿಯ ಯಾವ ಮಜಕೂರು ಬಂದರೂ ತಲೆಬರಹ ಒಂದೇ, ಅದು ಪ್ರೋಗ್ರಾಂ ಒಳಗೇ ಕೂತಿರುತ್ತದೆ: ಜುಗೂಳದ ಸ್ಮಶಾನಕ್ಕೆ ದಾರಿ ಬಿಡಿಸಿ. ಮಿಕ್ಕ ಹ್ಯಾಶ್, ನಕ್ಷತ್ರ ಎಲ್ಲ ಕಸ, ಕಂಡಲ್ಲಿ ಕಿತ್ತೆಸೆ.

ಮರುದಿನ ಹೊಸ ಕರಪತ್ರ ನೋಡಿದ ದಾದಾ ಅಂಗಡಿಯ ಮೆಟ್ಟಿಲಲ್ಲೇ ಶುರು ಮಾಡಿದ. "ಏನ ತಂಗಿ, ನಿನ್ನ ಮಷೀನಿಗೆ ಬ್ಯಾನಿ ಬಂದೈತೇನ? ನನ್ನ ಹೆಸರ ದೊಡ್ಡದ ಬರವಲ್ದು."

"ಮಷೀನ ಬರೋಬ್ಬರಿ ಐತ್ರಿ ದಾದಾ. ನಿಮ್ಮ ಹೆಸರ ಐತಲ್ಲ, ಕಡೀಕ, ಎಲ್ಲಾರ ಜೋಡಿ."

"ಅಧ್ಯಕ್ಷ ಅದೀನಿ ನಾ!"

"ನಮ್ಮತ್ತಿ ಚಟ್ಟಕ್ಕ ಹೆಗಲ ಕೊಡ್ರಿ ಅಂದಾಗ ಹಿಂದ ಸರದ್ರಿ. ಕಾಗದದ ಮ್ಯಾಲೆ ಮಾತ್ರ ಮುಂದ ಬೇಕೇನ್ರಿ?"

"ಅಥಣ್ಯಾಗ ಪ್ರಿಂಟ್ ಹೊಡಸ್ತೀನಿ!"

"ಹೊಡಸ್ರಿ. ಬರುವಾಗ ಕೇಕ್ ತರ್ರಿ, ಸಾಹೇಬ್ರು ಕೇಳ್ತಾರ."

ಸಾರಿಕಾಳ ಕರಪತ್ರವನ್ನು ಕೇರಿಯ ಹೆಂಗಸರೇ ಹೊತ್ತು ಹೋದರು. ತಹಸೀಲ್ದಾರರು ಹಿಂದೆಮುಂದೆ ತಿರುಗಿಸಿದರು. ನಗಲು ಏನೂ ಸಿಗಲಿಲ್ಲ. ಸರ್ವೆಯವರನ್ನು ಕರೆದರು. ವಾರದಲ್ಲಿ ಅಳತೆಯಾಗಿ ಗಡಿಕಲ್ಲು ಬಿದ್ದವು. ಕಬ್ಬು ಮಾತ್ರ ಕಲ್ಲಿನ ಈಚೆಗೂ, ದಾರಿಯ ಜಾಗದಲ್ಲಿ, ಹಾಗೇ ನಿಂತಿದೆ.

ಕಲ್ಲು ಬಿದ್ದ ಸಂಜೆಯೇ ದಾದಾನ ಮಜಕೂರು ಬಂತು, ಅಥಣಿಗೆ ಹೋಗುತ್ತೇನೆಂದವನು ಹೋಗಿರಲಿಲ್ಲ. ‘ದಾರಿ ತಂದ ಧೀರ ನಾಯಕ ರಾಜಾರಾಮ ದಾದಾ’. ಮುಂದೆ ಹ್ಯಾಶ್‌ಗಳ ಸಾಲು, ಸುತ್ತ ನಕ್ಷತ್ರ. ಫ್ಲೆಕ್ಸ್ ಆಗಬೇಕಂತೆ.

ಸಾರಿಕಾ ಅದನ್ನು ಪ್ರೋಗ್ರಾಂಗೆ ಹಾಕಿ, ಹೊರಬಂದದ್ದನ್ನು ಇದ್ದಂತೆ ಗ್ರೂಪಿಗೆ ಕಳಿಸಿದಳು. ಮೇಲೆ ಅಂಗೈಯಗಲ ಅಕ್ಷರದಲ್ಲಿ, ಜುಗೂಳದ ಸ್ಮಶಾನಕ್ಕೆ ದಾರಿ ಬಿಡಿಸಿ. ಅದರ ಕೆಳಗೆ ಸಣ್ಣಗೆ ದಾರಿ ತಂದ ಧೀರ ನಾಯಕ.

"ತಲೆಬರಹ ತಗಿ!" ಎಂದು ದಾದಾ ಫೋನಿನಲ್ಲಿ ಒದರಿದ.

"ಕಬ್ಬ ಕಡಸ್ರಿ," ಎಂದಳು ಸಾರಿಕಾ, "ತಗೀತೀನಿ."