ಊರುಗೋಲಣ್ಣನ ಕಾಲಿಗೆ ಬರುವ ಹೆಜ್ಜೆಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪರಿಹಾರ ನ್ಯಾಯಾಲಯದ ಪಡಸಾಲೆಯಲ್ಲಿ ಯಾರೋ ಕಾಲೆಳೆದುಕೊಂಡು ನಡೆಯುವ ಸದ್ದು. ಟಪ್, ಸರ್ರ್. ಟಪ್, ಸರ್ರ್. ಕಸ ಗುಡಿಸುವಾಕೆ ತಲೆ ಎತ್ತುವುದಿಲ್ಲ, ಅವಳಿಗೆ ಅಭ್ಯಾಸವಾಗಿಹೋಗಿದೆ. ಹೊಸಬರ ಎದೆ ಮಾತ್ರ ಝಲ್ಲೆನ್ನಬೇಕು. ಬೀಗ ತೆರೆಯುತ್ತಾ ಬರುವ ಈ ಅಟೆಂಡರ್‌ ಅವರ ಕಾಲುಗಳಿಗೆ ಯಾವ ಕಾಯಿಲೆಯೂ ಇಲ್ಲ.

ಎಲ್ಲರ ಬಾಯಲ್ಲಿ ಇವರು ಊರುಗೋಲಣ್ಣ. ಲಸಿಕೆಯ ನಂತರ ನರಕ್ಕೆ ಪೆಟ್ಟುಬಿದ್ದು ಪರಿಹಾರ ಕೇಳಿ ಬರುವವರು ಅಪರೂಪ. ಬಂದವರನ್ನು ತೋಳು ಹಿಡಿದು ಗೇಟಿನಿಂದ ಕುರ್ಚಿಯವರೆಗೆ ಕರೆತರುವುದು ಇವರ ಕೆಲಸ. ಅವರ ಹೆಜ್ಜೆಗೆ ಹೆಜ್ಜೆ ಕೂಡಿಸದಿದ್ದರೆ ಇಬ್ಬರೂ ಮುಗ್ಗರಿಸಬೇಕು. ಕೂಡಿಸಿ ಕೂಡಿಸಿ ಈಗ ಕಾಲು ಇವರ ಮಾತೇ ಕೇಳುತ್ತಿಲ್ಲ.

"ಯಾರ ಕೇಸಿದ್ಯೋ ಅವರ ನಡಿಗೆ ಹಾಸಿಗೆಯಿಂದ ಏಳುವಾಗ್ಲೇ ನನ್ ಕಾಲಿಗೆ ಬಂದಿರುತ್ತೆ. ನಾನೇನೂ ಕರೆಯಲ್ಲ" ಎನ್ನುತ್ತಾರೆ, ನೆಗಡಿಯಾಯಿತು ಎನ್ನುವಷ್ಟು ಸಲೀಸಾಗಿ.

ಇಂದಿನ ಹೆಜ್ಜೆ ಹೊಲಿಗೆಯಾಕೆಯದು. ಬಲಪಾದ ಜೋತುಬಿದ್ದು ಮೆಷಿನ್ ತುಳಿಯಲಾಗದೆ ಅಂಗಡಿ ಮುಚ್ಚಿದ್ದಾಳೆ. ಪರಿಹಾರ ಸಿಕ್ಕರಷ್ಟೇ ಅವಳ ಮನೆಯ ಒಲೆ ಉರಿಯಬೇಕು. ಕಳೆದ ಸಲ ಎದುರು ವಕೀಲರು, ಕುಳಿತಿದ್ದ ಅವಳತ್ತ ಕೈತೋರಿ, ಏನೂ ಆದಂತೆ ಕಾಣುವುದಿಲ್ಲವಲ್ಲ ಎಂದುಬಿಟ್ಟರು. ಊರುಗೋಲಣ್ಣನಿಗೆ ತನ್ನ ತಪ್ಪು ಹೊಳೆದದ್ದು ಆಗಲೇ. ಯಾರೂ ಪಿಳಿಪಿಳಿ ನೋಡಬಾರದೆಂದು, ನ್ಯಾಯಾಧೀಶರು ಬರುವ ಮುಂಚೆಯೇ ಕೂರಿಸಿ, ಅವರೆದ್ದ ಮೇಲೆ ಕರೆದೊಯ್ಯುವುದು ಇವರೇ ಮಾಡಿಕೊಂಡ ಪದ್ಧತಿ. ತೀರ್ಪು ಬರೆಯುವವರು ಅವಳು ನಡೆಯುವುದನ್ನು ಕಂಡೇ ಇಲ್ಲ!

"ಮರ್ಯಾದೆ ಉಳಿಸೋಕೆ ಹೋಗಿ ಅವಳ ಅನ್ನಕ್ಕೇ ಕಲ್ಲು ಹಾಕಿಬಿಟ್ಟೆ."

ಅದಕ್ಕೇ ಇಂದು ನ್ಯಾಯಾಧೀಶರು ಕೂರುವವರೆಗೂ ಅವಳನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡಿದ್ದಾರೆ. ಇಲ್ಲಿಂದ ಒಬ್ಬಳೇ ಹೋಗಬೇಕು, ಬಿದ್ದರೂ ತಾನು ಬರುವುದಿಲ್ಲ ಎಂದು ಮೊದಲೇ ಹೇಳಿದ್ದಾರೆ. ಆದರೂ ತೋಳು ಬಿಡಲು ಇವರ ಕೈಗೇ ಮನಸ್ಸಿಲ್ಲ.

"ಬಿಡಿ ಅಣ್ಣ, ನೋಡ್ಲಿ" ಎನ್ನುತ್ತಾಳೆ ಅವಳು.

ಟಪ್, ಸರ್ರ್. ಅವಳ ಪ್ರತಿ ಹೆಜ್ಜೆಗೂ ಬಾಗಿಲಲ್ಲಿ ನಿಂತೇ ಇರುವ ಇವರ ಬಲಪಾದ ನೆಲ ಕೆರೆಯುತ್ತದೆ. ಕುರ್ಚಿಯ ಹತ್ತಿರ ಅವಳು ಬೀಳುತ್ತಾಳೆ. ಇವರ ಮೊಣಕಾಲೂ ಕುಸಿಯುತ್ತದೆ, ಚೌಕಟ್ಟು ಹಿಡಿದು ನಿಲ್ಲುತ್ತಾರೆ. ಅವಳು ತಾನೇ ಎದ್ದು ಕೂರುತ್ತಾಳೆ. ನ್ಯಾಯಾಧೀಶರು ಏನೋ ಬರೆದುಕೊಳ್ಳುತ್ತಾರೆ. ಮಧ್ಯಾಹ್ನ ತೀರ್ಪು ಬರುತ್ತದೆ, ಅವಳ ಪರವಾಗಿ.

ಕೇಸು ಗೆದ್ದರೂ ಊರುಗೋಲಣ್ಣನ ಕಾಲು ಸುಮ್ಮನಾಗಿಲ್ಲ. ಸಂಜೆ ಮನೆಯ ಮೆಟ್ಟಿಲ ಮೇಲೂ ಅದೇ ಸದ್ದು. ಮುಚ್ಚಿದ ಬಾಗಿಲ ಹಿಂದೆ ಹೆಂಡತಿ, ಹೆಜ್ಜೆಯಿಂದ ಗಂಡನ ಗುರುತು ಹತ್ತದೆ, ಕಿವಿಗೊಟ್ಟು ಕೇಳುತ್ತಾರೆ. "ಇವತ್ತು ಯಾರು?" ಹೊಲಿಗೆಯವಳು ಎಂದ ಮೇಲೆ ಚಿಲಕ ಸರಿಯುತ್ತದೆ.

ಏನಾದರೂ ಆಸೆಯಿದೆಯೇ ಎಂದರೆ ನಾಚಿಕೊಳ್ಳುತ್ತಾರೆ.

"ರಿಟೈರ್ ಆಗೋದ್ರೊಳಗೆ ಒಂದ್ಸಲ ನನ್ ಹೆಜ್ಜೇಲೇ ಮನೆಗೆ ಹೋಗ್ಬೇಕು. ಅದು ಹೇಗಿತ್ತು ಅಂತ ನನಗೆ ಮರೆತುಹೋಗಿದೆ. ನನ್ ಹೆಂಡ್ತಿಗೆ ನೆನಪಿರುತ್ತೆ."